ಮುದಿಗುದುರೆಯ ಮೇವು: ಅಶ್ವಪಾಲನೆಯ ಪರಂಪರೆಯಲ್ಲಿ ಮುಪ್ಪು ಮತ್ತು ಹೊಣೆ

ಭಾರತೀಯ ಅಶ್ವಸಂಸ್ಕೃತಿಯನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಕುದುರೆಯ ಯೌವನದ ಅಧ್ಯಯನಗಳಾಗಿವೆ. ಕುದುರೆಯ ತಳಿ, ಸುಳಿ, ಬಣ್ಣ, ನಡೆ, ಬೆಲೆ ಹಾಗೂ ಯುದ್ಧದಲ್ಲಿ ಅದು ವಹಿಸಿದ ಪಾತ್ರ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ದಂಡಿನಲ್ಲಿ, ಮೆರವಣಿಗೆಯಲ್ಲಿ, ವಾಹ್ಯಾಳಿಯಲ್ಲಿ ಹತ್ತಾರು ವರ್ಷ ದುಡಿದ ಕುದುರೆಗೆ ಮುಪ್ಪು ಅಡರಿದಾಗ ಅದರ ಗತಿಯೇನು, ಅದರ ಮೇವಿನ ಖರ್ಚನ್ನು ಯಾರು ಹೊತ್ತರು, ಅದರ ನೋವನ್ನು ಯಾರು ಗಮನಿಸಿದರು ಎಂಬ ಪ್ರಶ್ನೆಗಳು ಹಿನ್ನೆಲೆಗೆ ಸರಿದಿವೆ. ಜನಪದ ಕಲೆಯಲ್ಲಿಯೂ ಸ್ಥಿತಿ ಬೇರೆಯಲ್ಲ. ಮೈಲಾರಲಿಂಗನ ವಾಹನವಾಗಿ, ಕೀಲುಕುದುರೆಯಾಗಿ, ಹರಕೆಯ ಮಣ್ಣಿನ ಬೊಂಬೆಯಾಗಿ ಕಾಣಿಸಿಕೊಳ್ಳುವ ಕುದುರೆ ಸದಾ ಕತ್ತೆತ್ತಿ ನಿಂತ ಪ್ರಾಯದ ಕುದುರೆಯೇ ಆಗಿರುತ್ತದೆ. ಒಕ್ಕಲಿಗನ ಎತ್ತಿಗೆ, ದೇವರ ಹೆಸರಿನಲ್ಲಿ ಬಿಟ್ಟ ಬಸವನಿಗೆ ಊರಿನ ನಡುವೆ ಬಾಳಿ ಮುಗಿಸುವ ಒಂದು ಜಾಗವಿತ್ತು. ಅರಮನೆ, ದಂಡು, ಪೇಟೆಗಳ ಪ್ರಾಣಿಯಾದ ಕುದುರೆಗೆ ಅಂತಹ ಜಾಗ ಸಹಜವಾಗಿ ಒದಗಲಿಲ್ಲ.

ದುಡಿದ ಕುದುರೆಯ ಮುಪ್ಪನ್ನು ನೋಡಿಕೊಂಡ ರೀತಿಯನ್ನು ಶಾಸ್ತ್ರಗ್ರಂಥ, ಪ್ರವಾಸಿಗರ ಬರಹ ಮತ್ತು ಇತ್ತೀಚಿನ ಇತಿಹಾಸಗಳ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಮುದಿಗುದುರೆಯನ್ನು ಪಾಲಿಸುವ ಅರಿವು ನಮ್ಮಲ್ಲಿ ಹಿಂದಿನಿಂದಲೂ ಇತ್ತು. ಕಾಲದಿಂದ ಕಾಲಕ್ಕೆ ಬದಲಾದದ್ದು ಆ ಅರಿವಿಗಿಂತ ಹೆಚ್ಚಾಗಿ ಪಾಲನೆಯ ಹೊಣೆ. ಇದು ಪ್ರಬಂಧದ ಮುಖ್ಯ ಪ್ರತಿಪಾದನೆ.

1. ಹಲ್ಲು ಹೇಳುವ ವಯಸ್ಸು

ಕುದುರೆಯ ಮುಪ್ಪನ್ನು ಗುರುತಿಸುವ ವಿದ್ಯೆ ಅದರ ಬಾಯಿಂದಲೇ ಆರಂಭವಾಗುತ್ತದೆ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಶ್ವಲಕ್ಷಣವನ್ನು ಹೇಳುವ ಚಿಕ್ಕ ಅಧ್ಯಾಯವೊಂದಿದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡುವ ಕ್ರಮದಿಂದ ಐದು ವರ್ಷದವರೆಗಿನ ವಯಸ್ಸನ್ನು ಅಲ್ಲಿ ನಿರ್ಧರಿಸಲಾಗಿದೆ. ಆ ನಂತರದ ವಯಸ್ಸನ್ನು ಹಲ್ಲಿನ ಮೇಲಿನ ಗುರುತುಗಳಿಂದ ತಿಳಿಯಬೇಕು. ಮೊದಲು ಕಪ್ಪು, ಬಳಿಕ ಹಳದಿ, ಬಿಳಿ, ಗಾಜಿನ ಬಣ್ಣ, ಜೇನಿನ ಬಣ್ಣ, ಶಂಖದ ಬಣ್ಣ, ಆಮೇಲೆ ಹಲ್ಲಿನಲ್ಲಿ ಕುಳಿ, ಹಲ್ಲಿನ ಅಲುಗಾಟ, ಕೊನೆಗೆ ಹಲ್ಲು ಉದುರುವಿಕೆ, ಹೀಗೆ ಒಂಬತ್ತು ಅವಸ್ಥೆಗಳು. ಒಂದೊಂದು ಅವಸ್ಥೆಗೆ ಮೂರು ಮೂರು ವರ್ಷ. ಐದು ವರ್ಷಕ್ಕೆ ಈ ಇಪ್ಪತ್ತೇಳನ್ನು ಕೂಡಿಸಿದರೆ ಮೂವತ್ತೆರಡಾಗುತ್ತದೆ. ಅದೇ ಗ್ರಂಥಕಾರನು ಬೃಹಜ್ಜಾತಕದಲ್ಲಿ ಕುದುರೆಯ ಪರಮಾಯುಷ್ಯವನ್ನು 32 ವರ್ಷವೆಂದು ಹೇಳಿರುವುದು ಈ ಲೆಕ್ಕಕ್ಕೆ ಸರಿಹೊಂದುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದಾಗಿ, ಕುದುರೆ ಕೆಲಸಕ್ಕೆ ಬರುವ ವಯಸ್ಸು ಮುಗಿದ ಮೇಲೂ ಅದರ ಬಾಯನ್ನು ನೋಡುತ್ತ ವರ್ಷಗಳನ್ನು ಎಣಿಸುವ ಪದ್ಧತಿ ಇತ್ತು. ಹಲ್ಲು ಅಲುಗಾಡುವ, ಉದುರುವ ಅವಸ್ಥೆಗಳಿಗೂ ಹೆಸರಿಟ್ಟ ಸಮಾಜ ಅಂತಹ ಕುದುರೆಗಳನ್ನು ಹತ್ತಿರದಿಂದ ಕಂಡಿರಬೇಕು. ಎರಡನೆಯದಾಗಿ, ಹಲ್ಲಿನ ಪರೀಕ್ಷೆ ವ್ಯಾಪಾರದ ಸಾಧನವೂ ಆಗಿತ್ತು. ದಾನವಾಗಿ ಬಂದ ಹಸುವಿನ ಹಲ್ಲು ಎಣಿಸಬಾರದೆಂಬ ಕನ್ನಡದ ಗಾದೆ ಮಾತಿನ ಹಿಂದಿರುವುದೂ ಸಂತೆಯ ಇದೇ ಅನುಭವ: ಹಲ್ಲು ನೋಡಿದವನಿಗೆ ಪ್ರಾಣಿಯ ಉಳಿದ ದುಡಿಮೆ ಎಷ್ಟೆಂದು ತಿಳಿಯುತ್ತದೆ. ಒಂದೇ ವಿದ್ಯೆ ಲಾಯದಲ್ಲಿ ಆರೈಕೆಗೂ ಸಂತೆಯಲ್ಲಿ ಬೆಲೆ ಇಳಿಸುವುದಕ್ಕೂ ಬಳಕೆಯಾಯಿತು.

2. ಅರ್ಥಶಾಸ್ತ್ರದ ಲಾಯ

ಮುದಿಗುದುರೆಯ ಪಾಲನೆಯನ್ನು ನೇರವಾಗಿ ಆಡಳಿತದ ವಿಷಯವನ್ನಾಗಿ ಮಾಡಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಈ ಕೃತಿಯ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದವರು ಆರ್. ಶಾಮಶಾಸ್ತ್ರಿಗಳು ಎಂಬುದು ಸುವಿದಿತ. ಎರಡನೆಯ ಅಧಿಕರಣದ ಅಶ್ವಾಧ್ಯಕ್ಷ ಪ್ರಕರಣವು ಅರಸನ ಲಾಯದ ದಫ್ತರದಂತಿದೆ. ಕಾಣಿಕೆಯಾಗಿ ಬಂದ, ಕೊಂಡ, ಯುದ್ಧದಲ್ಲಿ ಸೆರೆಸಿಕ್ಕ, ಲಾಯದಲ್ಲೇ ಹುಟ್ಟಿದ, ನೆರವಿಗೆ ಪ್ರತಿಯಾಗಿ ದೊರೆತ, ಒತ್ತೆಯಾಗಿ ನಿಂತ, ತಾತ್ಕಾಲಿಕವಾಗಿ ಇರಿಸಿಕೊಂಡ ಕುದುರೆಗಳೆಲ್ಲವನ್ನೂ ಕುಲ, ವಯಸ್ಸು, ಬಣ್ಣ, ಗುರುತು, ವರ್ಗ, ಬಂದ ಮೂಲ ಇವುಗಳೊಡನೆ ಅಧ್ಯಕ್ಷನು ಬರೆದಿಡಬೇಕು. ಊನವುಳ್ಳ ಹಾಗೂ ರೋಗಪೀಡಿತ ಕುದುರೆಗಳನ್ನು ಕುರಿತು ಮೇಲಿನವರಿಗೆ ತಿಳಿಸಬೇಕು.

ಲಾಯದ ರಚನೆಯಲ್ಲಿಯೂ ಪ್ರಾಣಿಯ ನೆಮ್ಮದಿಗೆ ಗಮನವಿದೆ. ಒಂದೊಂದು ಕುದುರೆಗೂ ಅದರ ಉದ್ದದಷ್ಟು ಚೌಕದ ಜಾಗ, ನುಣುಪಾದ ಹಲಗೆಯ ನೆಲ, ಮೇವಿನ ಗೋದಲಿ, ಲಾಯದ ನಡುವೆ ಕುದುರೆ ಹೊರಳಾಡಲು ಬಯಲು. ಹಗ್ಗ ಹಿಡಿಯುವವನು, ಕಟ್ಟುವವನು, ಹುಲ್ಲು ತರುವವನು, ಮೇವು ಬೇಯಿಸುವವನು, ಲಾಯ ಕಾಯುವವನು, ಕೂದಲು ಕತ್ತರಿಸುವವನು, ವಿಷವೈದ್ಯ ಹೀಗೆ ಕೆಲಸಗಾರರನ್ನು ವಿಂಗಡಿಸಲಾಗಿದೆ. ದೇಹ ಸೊರಗುವುದನ್ನೂ ಕೊಬ್ಬುವುದನ್ನೂ ಗಮನಿಸಿ ಪ್ರತೀಕಾರ ಮಾಡುವುದು, ಋತುವಿಗೆ ತಕ್ಕಂತೆ ಆಹಾರ ಬದಲಿಸುವುದು ಕುದುರೆ ವೈದ್ಯನ ಕರ್ತವ್ಯ. ಚಿಕಿತ್ಸೆಯ ಲೋಪದಿಂದ ರೋಗ ಉಲ್ಬಣಿಸಿದರೆ ಚಿಕಿತ್ಸೆಯ ವೆಚ್ಚದ ಎರಡರಷ್ಟು ದಂಡ. ಅವನ ತಪ್ಪಿನಿಂದ ಕುದುರೆಗೆ ಕೇಡಾದರೆ ಕುದುರೆಯ ಬೆಲೆಯೇ ದಂಡ.

ಪ್ರಸ್ತುತ ಚರ್ಚೆಗೆ ಬಹುಮುಖ್ಯವಾದದ್ದು ಇದೇ ಪ್ರಕರಣದ ಒಂದು ಚಿಕ್ಕ ವಿಧಿ. ಯುದ್ಧದಿಂದ, ರೋಗದಿಂದ, ಮುಪ್ಪಿನಿಂದ, ದುಡಿಮೆಯಿಂದ ಸವೆದ ಕುದುರೆಗಳಿಗೆ ಜೀವನಾಧಾರದ ಮೇವು ಸಲ್ಲಬೇಕೆಂದು ಅದು ಹೇಳುತ್ತದೆ. ಯುದ್ಧಕ್ಕೆ ಬಾರದ ಗಂಡುಕುದುರೆಗಳನ್ನು ಪಟ್ಟಣ ಮತ್ತು ಹಳ್ಳಿಗಳ ಜನರ ಹಿತಕ್ಕಾಗಿ ತಳಿವೃದ್ಧಿಗೆ ಬಳಸಬೇಕೆಂದೂ ಅಲ್ಲಿದೆ. ಈ ವಿಧಿಯನ್ನು ಕೇವಲ ದಯೆಯ ಮಾತೆಂದು ಓದುವುದು ಸರಿಯಾಗಲಾರದು. ಅರ್ಥಶಾಸ್ತ್ರ ಭಾವುಕ ಗ್ರಂಥವಲ್ಲ. ಅದರಲ್ಲಿ ಪ್ರತಿಯೊಂದು ಧಾನ್ಯಕ್ಕೂ ಲೆಕ್ಕವಿದೆ. ಅಂತಹ ಲೆಕ್ಕದ ಪುಸ್ತಕದಲ್ಲಿ ದುಡಿಯದ ಕುದುರೆಯ ಪಾಲೂ ನಮೂದಾಗಿದೆ ಎಂಬುದೇ ಮಹತ್ವದ ಸಂಗತಿ. ಕುದುರೆಯನ್ನು ದುಡಿಸಿದ ಬೊಕ್ಕಸವೇ ಅದರ ಮುಪ್ಪನ್ನೂ ಹೊರಬೇಕು ಎಂಬ ತತ್ತ್ವ ಇಲ್ಲಿ ಸ್ಪಷ್ಟವಾಗಿದೆ.

ಇದೇ ಪ್ರಕರಣ ಆಶ್ವಯುಜದ ಒಂಬತ್ತನೆಯ ದಿನ ಕುದುರೆಗಳಿಗೆ ನೀರಾಜನ ಮಾಡಬೇಕೆಂದು ವಿಧಿಸುತ್ತದೆ. ದಂಡಯಾತ್ರೆಯ ಆದಿ ಅಂತ್ಯಗಳಲ್ಲಿಯೂ ರೋಗ ಬಂದಾಗಲೂ ಆರತಿ ನಡೆಯಬೇಕು. ಎಲ್ಲ ಕುದುರೆಗಳನ್ನೂ ಬೆಳಕಿಗೆ ತಂದು ನಿಲ್ಲಿಸುವ ಈ ಆಚರಣೆಯಲ್ಲಿ ವರ್ಷಕ್ಕೊಮ್ಮೆ ಲಾಯವನ್ನು ತಪಾಸಣೆ ಮಾಡುವ ಅವಕಾಶವೂ ಅಡಗಿದ್ದಿತೆಂದು ಊಹಿಸಬಹುದು.

3. ಕನ್ನಡ ನಾಡು: ಶಾಸ್ತ್ರ ಮತ್ತು ಮಾರುಕಟ್ಟೆ

ಕನ್ನಡದಲ್ಲಿ ಪಶುವೈದ್ಯ ಸಾಹಿತ್ಯದ ಪರಂಪರೆ ಹಳೆಯದು. ಚಾಲುಕ್ಯರ ಕಾಲದ ಕೀರ್ತಿವರ್ಮನ ಗೋವೈದ್ಯ 12ನೆಯ ಶತಮಾನದ್ದು. ಕುದುರೆಗೆ ಸಂಬಂಧಿಸಿದಂತೆ ಅಭಿನವಚಂದ್ರನ ಅಶ್ವವೈದ್ಯ, 17ನೆಯ ಶತಮಾನದ ಪದ್ಮಣ ಪಂಡಿತನ ಹಯಸಾರಸಮುಚ್ಚಯ ಮುಂತಾದವು ಹೆಸರಿಸಬೇಕಾದ ಕೃತಿಗಳು. ಶಾಲಿಹೋತ್ರ, ನಕುಲರ ಹೆಸರಿನಲ್ಲಿ ಹರಿದುಬಂದ ಸಂಸ್ಕೃತ ಅಶ್ವಶಾಸ್ತ್ರ ಈ ಕೃತಿಗಳ ಹಿನ್ನೆಲೆ. ಕಲ್ಯಾಣದ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಅರಸನು ಕುದುರೆಯೇರಿ ಆಡುವ ಚೆಂಡಾಟದ ವಿವರಗಳಿವೆ. ಓಟ, ತಿರುವು, ಹಠಾತ್ತನೆ ನಿಲ್ಲುವಿಕೆ ಇವುಗಳಿಂದ ಕುದುರೆಯ ಕೀಲುಗಳ ಮೇಲೆ ಬೀಳುವ ಭಾರವನ್ನು ನೆನೆದರೆ ಇಂತಹ ವಿನೋದದ ಕುದುರೆಗಳು ಬೇಗನೆ ಸವೆಯುತ್ತಿದ್ದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಶಾಸ್ತ್ರದ ಅರಿವು ಎಲ್ಲ ಲಾಯಗಳನ್ನೂ ತಲುಪಿರಲಿಲ್ಲ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಅಲ್ಲಿನ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಾರೆಂದೂ ಆರೈಕೆ ಬಲ್ಲವರಿಲ್ಲದೆ ಅವುಗಳಲ್ಲಿ ಹೆಚ್ಚಿನವು ವರ್ಷ ಮುಗಿಯುವುದರೊಳಗೆ ಸಾಯುತ್ತವೆಂದೂ ಬರೆದಿದ್ದಾನೆ. ಕುದುರೆಗೆ ಬೇಯಿಸಿದ ಮಾಂಸ ಮತ್ತು ಅನ್ನವನ್ನು ತಿನ್ನಿಸುತ್ತಿದ್ದರೆಂಬುದೂ, ಕುದುರೆ ಬಲ್ಲವರು ಅಲ್ಲಿಗೆ ಹೋಗದಂತೆ ವ್ಯಾಪಾರಿಗಳೇ ತಡೆಯುತ್ತಿದ್ದರೆಂಬುದೂ ಅವನ ಮಾತು. ಈ ಚಿತ್ರದಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೂ ಕುದುರೆ ಸಾಯುವುದೇ ಲಾಭವಾಗುವ ವ್ಯಾಪಾರದಲ್ಲಿ ಅದರ ಮುಪ್ಪಿನ ಪ್ರಶ್ನೆಯೇ ಏಳುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ವಿಜಯನಗರದ ಸಂದರ್ಭದಲ್ಲಿ ಈ ವ್ಯಾಪಾರ ಇನ್ನೂ ದೊಡ್ಡದಾಯಿತು. ಕೃಷ್ಣದೇವರಾಯನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುತ್ತಾನೆ. ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂಬುದು ಅವನದೇ ವರದಿ. ಹೊಸ ಕುದುರೆಯ ಹಸಿವು ಎಷ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಅದೇ ವಿಜಯನಗರದಲ್ಲಿ ಇನ್ನೊಂದು ಬಗೆಯ ಕುದುರೆಯೂ ಇತ್ತು. ಸು. 1520ರಲ್ಲಿ ಮಹಾನವಮಿಯನ್ನು ಕಂಡ ಪಾಯೆಸ್, ಅಲಂಕೃತ ಕುದುರೆಗಳ ಸಾಲಿನಲ್ಲಿ ಎರಡು ಛತ್ರಿಗಳನ್ನು ಹೊತ್ತ ವಿಶೇಷ ಕುದುರೆಯೊಂದನ್ನು ವರ್ಣಿಸಿದ್ದಾನೆ. ಅರಸನ ಪ್ರತಿಜ್ಞೆಯೂ ಪಟ್ಟದ ಸ್ವೀಕಾರವೂ ಆ ಕುದುರೆಯ ಮೇಲೆ ನಡೆಯುತ್ತಿದ್ದವು. ಅದು ಸತ್ತರೆ ಮಾತ್ರ ಅದರ ಜಾಗಕ್ಕೆ ಬೇರೊಂದು ಬರುತ್ತಿತ್ತು. ಬೆಲೆಯಿಂದ ಅಳೆಯಲ್ಪಡುವ ದಂಡಿನ ಕುದುರೆ ಒಂದೆಡೆ, ಸ್ಥಾನದಿಂದ ಗೌರವ ಪಡೆದು ಸಾಯುವವರೆಗೂ ಆ ಸ್ಥಾನದಲ್ಲಿ ಉಳಿಯುವ ಕುದುರೆ ಇನ್ನೊಂದೆಡೆ. ಒಂದೇ ರಾಜಧಾನಿಯಲ್ಲಿ ಇವೆರಡೂ ಇದ್ದವು.

4. ಮೈಸೂರು: ಪಟ್ಟದ ಕುದುರೆ ಮತ್ತು ಸಿಲ್ಲೇದಾರನ ಕುದುರೆ

ವಿಜಯನಗರದ ಮಹಾನವಮಿಯನ್ನು ಮೈಸೂರು ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಆಯುಧಪೂಜೆಯಂದು ಪಟ್ಟದ ಆನೆ, ಪಟ್ಟದ ಕುದುರೆ, ಪಟ್ಟದ ಹಸುಗಳನ್ನು ಅರಮನೆಗೆ ಕರೆತಂದು ಪೂಜಿಸುವ ಕ್ರಮ ಇಂದಿಗೂ ಉಳಿದಿದೆ. ಅರ್ಥಶಾಸ್ತ್ರದ ನೀರಾಜನವೂ ಈ ಪೂಜೆಯೂ ಒಂದೇ ಮಾಸದ ಒಂದೇ ತಿಥಿಯ ಸುತ್ತ ನಡೆಯುವುದನ್ನು ಜಾನಪದ ವಿದ್ವಾಂಸರು ಗಮನಿಸಬೇಕು.

ದಂಡಿನ ಸ್ಥಿತಿ ಬೇರೆಯಾಗಿತ್ತು. ದಖನ್ನಿನ ಅಶ್ವದಳಗಳಲ್ಲಿ ಎರಡು ವ್ಯವಸ್ಥೆಗಳಿದ್ದವು. ಸರ್ಕಾರದ ಕುದುರೆಯನ್ನೇರಿ ದುಡಿಯುವವನು ಬಾರಗೀರ. ತನ್ನದೇ ಕುದುರೆಯೊಡನೆ ಬಂದು ಸೇರುವವನು ಸಿಲ್ಲೇದಾರ. 1807ರ ಪೂರಕ ಒಪ್ಪಂದದಂತೆ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸಿದ್ಧವಿಡಬೇಕಾಯಿತು. ಸಿಲ್ಲೇದಾರರೇ ಆ ಬಲದ ಆಧಾರ. ಸಿಲ್ಲೇದಾರನಿಗೆ ಕುದುರೆಯೇ ಆಸ್ತಿ, ಅದೇ ಸಂಬಳದ ಮೂಲ. ಆದುದರಿಂದ ಅವನು ಕುದುರೆಯನ್ನು ಜೋಪಾನವಾಗಿ ನೋಡಿಕೊಳ್ಳುತ್ತಿದ್ದನು. ಅದನ್ನು ಅಪಾಯಕ್ಕೆ ಒಡ್ಡಲು ಹಿಂಜರಿಯುತ್ತಿದ್ದನೆಂಬ ಆಕ್ಷೇಪವೂ ಇತ್ತು. ಆದರೆ ಕುದುರೆ ಮುದಿಯಾದಾಗ ಈ ಸಂಬಂಧವೇ ಕಠೋರವಾಗುತ್ತಿತ್ತು. ಒಬ್ಬ ಬಡ ಸವಾರ ದುಡಿಯದ ಕುದುರೆಗೂ ದುಡಿಯುವ ಕುದುರೆಗೂ ಏಕಕಾಲಕ್ಕೆ ಹುರುಳಿ ಒದಗಿಸಲಾರ. ಬ್ರಿಟಿಷ್ ಭಾರತದ ಸಿಲ್ಲೇದಾರಿ ರೆಜಿಮೆಂಟುಗಳಲ್ಲಿ ಸವಾರರ ವಂತಿಗೆಯಿಂದ ನಿಧಿಯೊಂದನ್ನು ಕೂಡಿಸುವ ಪದ್ಧತಿ ಇತ್ತು. ಆ ನಿಧಿ ಹೊಸ ಕುದುರೆಯನ್ನು ಕೊಳ್ಳಲು ನೆರವಾಗುತ್ತಿತ್ತೇ ಹೊರತು ಹಳೆಯದನ್ನು ಸಾಕಲು ಅಲ್ಲ.

5. ಹೈಫಾದ ನಂತರ

1918ರ ಸೆಪ್ಟೆಂಬರ್ 23ರಂದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಳಗಳು ಹೈಫಾ ನಗರವನ್ನು ಗೆದ್ದುದು ಅಶ್ವದಳಗಳ ಇತಿಹಾಸದ ಕೊನೆಯ ದೊಡ್ಡ ಅಧ್ಯಾಯಗಳಲ್ಲೊಂದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂವರು ಯೋಧರು ಹೈದರಾಬಾದು, ಜೋಧಪುರ, ಮೈಸೂರು ದಳಗಳ ಪ್ರತೀಕ. ಮಡಿದ ಯೋಧರ ಸ್ಮರಣೆ ಹೀಗೆ ಕಲ್ಲಿನಲ್ಲಿಯೂ ಕಂಚಿನಲ್ಲಿಯೂ ಉಳಿಯಿತು.

ಆ ರಣರಂಗದ ಕುದುರೆಗಳ ಕಥೆ ಬೇರೆ. ಯುದ್ಧ ಮುಗಿದಾಗ ಈಜಿಪ್ಟ್ ಮತ್ತು ಪ್ಯಾಲೆಸ್ಟೈನಿನಲ್ಲಿದ್ದ ಬ್ರಿಟಿಷ್ ಸಾಮ್ರಾಜ್ಯ ಸೇನೆಯ ಸಾವಿರಾರು ಕುದುರೆಗಳನ್ನು ಸಾಗಿಸುವ ವೆಚ್ಚ ಭಾರವೆನಿಸಿತು. ದುರ್ಬಲವಾದವನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅನೇಕವನ್ನು ಅಲ್ಲಿಯೇ ಮಾರಲಾಯಿತು. 1930ರಲ್ಲಿ ಕೈರೋಗೆ ಬಂದ ಡೊರೊತಿ ಬ್ರೂಕ್ ಎಂಬ ಆಂಗ್ಲ ಮಹಿಳೆ ಕಲ್ಲುಗಣಿಗಳಲ್ಲಿ, ಸರಕಿನ ಗಾಡಿಗಳಲ್ಲಿ ಎಲುಬು ಗೂಡಾಗಿ ದುಡಿಯುತ್ತಿದ್ದ ಸೇನೆಯ ಮುದ್ರೆಯುಳ್ಳ ಕುದುರೆಗಳನ್ನು ಕಂಡರು. ಆ ಹೊತ್ತಿಗೆ ಅವೆಲ್ಲವೂ ಮುದಿಗುದುರೆಗಳು. 1931ರಲ್ಲಿ ಅವರು ಲಂಡನ್ನಿನ ಮಾರ್ನಿಂಗ್ ಪೋಸ್ಟ್ ಪತ್ರಿಕೆಗೆ ಬರೆದ ಪತ್ರಕ್ಕೆ ಓದುಗರು ಹಣ ಕಳುಹಿಸಿದರು. ಮುಂದಿನ ವರ್ಷಗಳಲ್ಲಿ ಸುಮಾರು 5,000 ಕುದುರೆಗಳನ್ನು ಅವರು ಕೊಂಡು ಬಿಡಿಸಿದರು; 1934ರಲ್ಲಿ ಕೈರೋದಲ್ಲಿ ಹಳೆಯ ಯುದ್ಧಾಶ್ವಗಳ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿದರು. ಬಿಡಿಸಿದ ಕುದುರೆಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುವ ಹಂತವನ್ನು ಮೀರಿದ್ದವು. ಅವಕ್ಕೆ ಕೆಲವು ದಿನ ಮೇವು, ನೀರು, ಮೆತ್ತನೆಯ ಹಾಸು, ವಿಶ್ರಾಂತಿ ನೀಡಿ ನೋವಿಲ್ಲದ ಸಾವನ್ನು ಕರುಣಿಸಲಾಯಿತು.

ಭಾರತೀಯ ಪರಂಪರೆಯಲ್ಲಿ ಪಿಂಜರಾಪೋಲಿನ ಆದರ್ಶ ಇದಕ್ಕಿಂತ ಭಿನ್ನ. 1834ರಲ್ಲಿ ಆರಂಭವಾದ ಮುಂಬಯಿಯ ಪಿಂಜರಾಪೋಲಿನಂತಹ ಸಂಸ್ಥೆಗಳು ಪ್ರಾಣಿಯನ್ನು ಸಹಜ ಸಾವಿನವರೆಗೆ ಪೊರೆಯುವ ಸಂಕಲ್ಪದವು. ಜೀವವನ್ನು ಉಳಿಸುವುದು ಹೆಚ್ಚೋ ನೋವನ್ನು ಮುಗಿಸುವುದು ಹೆಚ್ಚೋ ಎಂಬ ಪ್ರಶ್ನೆಯನ್ನು ಈ ಎರಡು ಮಾದರಿಗಳು ಎದುರುಬದುರಾಗಿ ನಿಲ್ಲಿಸುತ್ತವೆ. ಆದರೆ ಎರಡರಲ್ಲೂ ಒಂದು ಸಮಾನ ಸಂಗತಿಯಿದೆ: ದುಡಿಸಿಕೊಂಡವರು ಕೈಬಿಟ್ಟ ಮೇಲೆ ಬೇರೆಯವರು ಹೊಣೆ ಹೊತ್ತಿದ್ದಾರೆ.

6. ಹಳೆಯ ಅರಿವು, ಹೊಸ ಅರಿವು

ಇಂದಿನ ಪಶುವೈದ್ಯವು ಮುದಿಗುದುರೆಯ ಪಾಲನೆಯ ಬಗ್ಗೆ ಹೇಳುವ ಮಾತುಗಳನ್ನು ಹಳೆಯ ಲಾಯದ ಕ್ರಮಗಳೊಡನೆ ಹೋಲಿಸುವುದು ಉಪಯುಕ್ತ. ಕುದುರೆಯ ದವಡೆಹಲ್ಲು ಬಾಳಿನುದ್ದಕ್ಕೂ ಸವೆಯುತ್ತ, ಒಸಡಿನೊಳಗಿನಿಂದ ಮೇಲೇರುತ್ತಿರುತ್ತದೆ. ಒಳಗಿನ ಸಂಗ್ರಹ ತೀರಿದಾಗ ಅಗಿಯುವ ಶಕ್ತಿಯೂ ತೀರುತ್ತದೆ. ಆಗ ಕುದುರೆ ಹುಲ್ಲನ್ನು ಅರೆಬರೆ ಅಗಿದು ಉಂಡೆ ಮಾಡಿ ಉಗುಳುತ್ತದೆ; ನುಂಗಿದರೆ ಕರುಳು ಕಟ್ಟಿ ಹೊಟ್ಟೆನೋವು ಬರುತ್ತದೆ. ನೆನೆಸಿದ, ಮೆತ್ತಗೆ ಬೇಯಿಸಿದ ಮೇವು ಹಾಗೂ ಕಾಲಕಾಲಕ್ಕೆ ಹಲ್ಲಿನ ಚೂಪು ಅಂಚುಗಳನ್ನು ಅರದಿಂದ ತೇಯಿಸುವುದು ಇದಕ್ಕೆ ಪರಿಹಾರ. ದಕ್ಷಿಣ ಭಾರತದ ಲಾಯಗಳಲ್ಲಿ ಹುರುಳಿಯನ್ನು ಬೇಯಿಸಿಯೇ ಕೊಡುವ ರೂಢಿಯಿತ್ತು. ಅರ್ಥಶಾಸ್ತ್ರದ ಕಾಲಕ್ಕಾಗಲೇ ಮೇವು ಬೇಯಿಸುವವನೆಂಬ ಪ್ರತ್ಯೇಕ ಕೆಲಸಗಾರನಿದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ದುಡಿದ ಕುದುರೆಗಳಲ್ಲಿ ಕೀಲುನೋವು ಸಾಮಾನ್ಯ. ಅದಕ್ಕೆ ಪೂರ್ಣ ವಿಶ್ರಾಂತಿ ಮದ್ದಲ್ಲ. ಒಂದೆಡೆ ಕಟ್ಟಿಹಾಕಿದರೆ ಕೀಲುಗಳು ಬಿಗಿಯುತ್ತವೆ, ಮಾಂಸಖಂಡ ಕರಗುತ್ತದೆ. ದಿನವೂ ಬಯಲಿನಲ್ಲಿ ಬಿಡುವುದು, ಮೆತ್ತನೆಯ ನೆಲದ ಮೇಲೆ ನಿಧಾನವಾಗಿ ನಡೆಸುವುದು, ಸವಾರಿಗೆ ಮುನ್ನ ಹೆಚ್ಚು ಹೊತ್ತು ಮೈ ಸಡಿಲಿಸುವುದು ಹಿತಕರ. ಮುಂಗಾಲು ಹಿಂಗಾಲುಗಳೆರಡನ್ನೂ ಹಗ್ಗದಿಂದ ಬಿಗಿಯುವ ದಂಡಿನ ಪದ್ಧತಿ ಮುದಿಗುದುರೆಗೆ ಹಿಂಸೆಯಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಹೊರಳಾಡುವ ಬಯಲನ್ನು ಲಾಯದ ನಡುವೆ ಇರಿಸಿದ ಹಳೆಯ ವಿಧಿಯೇ ವಿವೇಕಯುತವಾದದ್ದು. ಗೊರಸನ್ನು ಆರರಿಂದ ಎಂಟು ವಾರಗಳಿಗೊಮ್ಮೆ ಸವರಬೇಕು. ಬೆಳೆದ ಗೊರಸು ನೋಯುವ ಕೀಲಿನ ಮೇಲೆ ಇನ್ನಷ್ಟು ಭಾರ ಹಾಕುತ್ತದೆ.

ಹಳೆಯ ಗ್ರಂಥಗಳಿಗೆ ಕಾರಣ ತಿಳಿಯದಿದ್ದ ಕೆಲವು ವ್ಯಾಧಿಗಳನ್ನು ಹೊಸ ವಿಜ್ಞಾನ ಬಿಡಿಸಿದೆ. ಬೇಸಿಗೆಯಲ್ಲೂ ಉದುರದ ಉದ್ದ ಗುಂಗುರು ಕೂದಲು, ಕರಗುವ ಬೆನ್ನು, ಪದೇ ಪದೇ ಗೊರಸಿನ ಉರಿಯೂತ ಇವು ಬರಿಯ ಮುಪ್ಪಿನ ಲಕ್ಷಣಗಳಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ದೋಷದ ಕುರುಹುಗಳು. ಅದನ್ನು ಔಷಧದಿಂದ ಹತೋಟಿಯಲ್ಲಿಡಬಹುದು. ದೇಹ ಸೊರಗುವುದನ್ನು ಅಳೆಯಲು 1983ರಲ್ಲಿ ಹೆನೆಕೆ ಮತ್ತು ಸಂಗಡಿಗರು ರೂಪಿಸಿದ 1ರಿಂದ 9ರವರೆಗಿನ ಶ್ರೇಣಿ ಈಗ ಬಳಕೆಯಲ್ಲಿದೆ. ಹ್ರಾಸವೃದ್ಧಿಗಳನ್ನು ಗಮನಿಸಬೇಕೆಂಬ ಕೌಟಿಲ್ಯನ ವಿಧಿಯ ಆಶಯವೂ ಇದೇ.

7. ಉಪಸಂಹಾರ

ಇಂದು ಕರ್ನಾಟಕದಲ್ಲಿ ಕುದುರೆಯ ದುಡಿಮೆ ಮುಖ್ಯವಾಗಿ ಪಂದ್ಯ, ಸವಾರಿ ಶಿಕ್ಷಣ, ಪೊಲೀಸ್ ಅಶ್ವದಳ, ದಸರಾ ಮೆರವಣಿಗೆ ಹಾಗೂ ಮೈಸೂರಿನ ಅಳಿದುಳಿದ ಟಾಂಗಾಗಳಿಗೆ ಸೀಮಿತವಾಗಿದೆ. ಪಂದ್ಯದ ಕುದುರೆಯ ಓಟದ ಆಯುಷ್ಯ ಕೆಲವೇ ವರ್ಷ. ದೇಹದ ಆಯುಷ್ಯ ಇಪ್ಪತ್ತೈದಕ್ಕೂ ಮೀರಬಹುದು. ನಡುವಿನ ಈ ದೀರ್ಘ ಅವಧಿಯಲ್ಲಿ ಅದು ಹಲವು ಕೈಗಳನ್ನು ದಾಟಬಹುದು, ಕೈ ದಾಟಿದಂತೆ ಬೆಲೆ ಇಳಿಯುತ್ತದೆ, ಬೆಲೆ ಇಳಿದಂತೆ ಸಾಕುವವನ ಶಕ್ತಿಯೂ ಇಳಿಯುತ್ತದೆ. ಹೀಗೆ ಹೆಚ್ಚು ಆರೈಕೆ ಬೇಕಾದ ವಯಸ್ಸಿನಲ್ಲಿ ಕುದುರೆ ಕಡಿಮೆ ಶಕ್ತಿಯುಳ್ಳವನ ಬಾಗಿಲಿಗೆ ಬಂದು ನಿಲ್ಲುತ್ತದೆ. ಇದರಲ್ಲಿ ಟಾಂಗಾದವನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ.

1960ರ ಪ್ರಾಣಿಹಿಂಸೆ ತಡೆ ಕಾಯಿದೆ ವಯಸ್ಸಿನಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದನ್ನೂ ಸಕಾರಣವಿಲ್ಲದೆ ಪ್ರಾಣಿಯನ್ನು ತ್ಯಜಿಸುವುದನ್ನೂ ಅಪರಾಧವೆಂದು ಪರಿಗಣಿಸುತ್ತದೆ. 1965ರ ನಿಯಮಗಳು ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ದುಡಿಮೆಗೆ ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಎಂಬ ಮಿತಿ ಹಾಕಿವೆ. 37 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಲಿನಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ದುಡಿಸಬಾರದು. ಇವು ಮಹತ್ವದ ರಕ್ಷಣೆಗಳು. ಆದರೆ ಇವು ಹೊಣೆಯನ್ನು ಹೊರಿಸುವುದು ಆ ಕ್ಷಣದ ಯಜಮಾನನ ಮೇಲೆ. ಕುದುರೆಯ ಯೌವನದಿಂದ ಲಾಭ ಪಡೆದವನು ಅಷ್ಟರಲ್ಲಿ ದೂರ ಸರಿದಿರುತ್ತಾನೆ.

ಗೌರವದ ಮಾದರಿಯೂ ನಮ್ಮ ಕಾಲದಲ್ಲಿ ಇಲ್ಲದಿಲ್ಲ. ರಾಷ್ಟ್ರಪತಿಗಳ ಅಂಗರಕ್ಷಕ ದಳದ ವಿರಾಟ್ ಎಂಬ ಕುದುರೆ 13 ಗಣರಾಜ್ಯೋತ್ಸವಗಳಲ್ಲಿ ಪಾಲ್ಗೊಂಡು 2022ರ ಜನವರಿ 26ರಂದು ನಿವೃತ್ತವಾಯಿತು. ಭೂಸೇನೆಯ ಮುಖ್ಯಸ್ಥರ ಪ್ರಶಂಸೆಯೂ ಅದಕ್ಕೆ ಸಂದಿತ್ತು. ಇದು ಪಟ್ಟದ ಕುದುರೆಯ ಸಾಲಿಗೆ ಸೇರುವ ಘಟನೆ. ಆದರೆ ಛತ್ರಿ ಹೊತ್ತ ಒಂದು ಕುದುರೆಗೆ ಸಲ್ಲುವ ಗೌರವ ಹೆಸರಿಲ್ಲದ ನೂರು ಕುದುರೆಗಳ ಮೇವಾಗಲಾರದು. ಅರ್ಥಶಾಸ್ತ್ರದ ವಿಧಿಯ ಹಿರಿಮೆ ಇರುವುದು ಇಲ್ಲಿಯೇ. ಅದು ಯಾವ ಒಂದು ಕುದುರೆಯನ್ನೂ ಹೆಸರಿಸಿ ಸನ್ಮಾನಿಸುವುದಿಲ್ಲ. ಸವೆದ ಕುದುರೆಗಳೆಲ್ಲಕ್ಕೂ ಮೇವು ಸಲ್ಲಬೇಕೆಂದು ಲೆಕ್ಕದಲ್ಲಿ ಬರೆಯುತ್ತದೆ. ಹಲ್ಲು, ಗೊರಸು, ಕೀಲುಗಳ ಆರೈಕೆಯನ್ನು ಇಂದಿನ ವೈದ್ಯ ಚೆನ್ನಾಗಿ ಬಲ್ಲ. ಆ ಆರೈಕೆಯ ವೆಚ್ಚವನ್ನು ಕುದುರೆಯ ದುಡಿಮೆಯ ದಿನಗಳಲ್ಲಿಯೇ, ಅದರ ಗಳಿಕೆಯಿಂದಲೇ ತೆಗೆದಿರಿಸುವ ಕ್ರಮ ಬಂದಾಗ ಮಾತ್ರ ಮೈಸೂರಿನ ಗ್ರಂಥಾಲಯದಿಂದ ಬೆಳಕಿಗೆ ಬಂದ ಆ ಹಳೆಯ ವಿಧಿಗೆ ಇಂದಿನ ಲಾಯದಲ್ಲಿ ಅರ್ಥ ದೊರೆಯುತ್ತದೆ.